ಬಾಗಿಲ ಮೇಲಿನ ಕೆಂಪು ದೀಪ

ನಾನೊಂದು ಮನೆಬಳಕೆಯ ಕಂಪ್ಯೂಟರ್. ಈಗ ಆ ಹೆಸರು ಕೇಳಿದ ಕೂಡಲೇ ನಿಮ್ಮ ಕಣ್ಣ ಮುಂದೆ ಬರುವ ರೂಪ ನನ್ನದಲ್ಲ. ನನಗೆ ಸ್ವಂತ ಪರದೆ ಇಲ್ಲ. ಮಕ್ಕಳ ಪಾಟಿಯಷ್ಟು ಅಗಲದ ಕಪ್ಪು ಮೈ, ಅದರ ಮೇಲೆ ಬೂದು ಬಣ್ಣದ ರಬ್ಬರ್ ಗುಂಡಿಗಳು, ಅಷ್ಟೇ. ಚಿತ್ರ ತೋರಿಸಬೇಕೆಂದರೆ ಮನೆಯವರ ಟಿವಿ ಬೇಕು. ಆಟವೊಂದು ನನ್ನೊಳಗೆ ಬರಬೇಕೆಂದರೆ ಟೇಪ್ ರೆಕಾರ್ಡರಿಗೆ ಕ್ಯಾಸೆಟ್ ಹಾಕಿ, ಅದರ ಕಿರುಚಾಟವನ್ನು ನನ್ನ ಬೆನ್ನಿನ ತೂತೊಂದಕ್ಕೆ ಸುರಿಯಬೇಕು. ಆ ತೂತಿನ ಮೇಲೆ ಇಂಗ್ಲಿಷಿನಲ್ಲಿ ‘ಕಿವಿ’ ಎಂದೇ ಬರೆದಿದೆ. ಆದ್ದರಿಂದ ಮನೆಯ ಮಾತೆಲ್ಲ ನನಗೆ ಕೇಳಿಸುತ್ತಿತ್ತು ಎಂದರೆ ನೀವು ಅನುಮಾನಪಡಬೇಕಿಲ್ಲ.

ಕರೆಂಟು ಹೋದರೆ ನನಗೆ ಎಲ್ಲವೂ ಮರೆತುಹೋಗುತ್ತದೆ. ಹಾಗಾದರೆ ಈ ಕಥೆ ಹೇಳುವುದು ಹೇಗೆ ಎಂದು ಕೇಳುತ್ತೀರೇನೋ. ಮರೆಯುವುದು ಆಟಗಳು ಮಾತ್ರ. ಮನುಷ್ಯರು ನನ್ನ ರಬ್ಬರಿನಲ್ಲಿ ಉಳಿದಿದ್ದಾರೆ. ಯಾವ ಗುಂಡಿಯನ್ನು ಯಾರು ಹೆದರಿ ಒತ್ತಿದರು, ಯಾರು ನಗುತ್ತ ಒತ್ತಿದರು ಎಂಬುದು ಸವೆದ ಅಕ್ಷರಗಳಲ್ಲಿದೆ.

ಹುಟ್ಟಿದ್ದು ದೂರದ ಚಳಿನಾಡಿನ ಬಂದರೂರಿನಲ್ಲಿ. ಅಲ್ಲಿ ಅದಕ್ಕೂ ಮೊದಲು ಕೈಗಡಿಯಾರ ಜೋಡಿಸುತ್ತಿದ್ದ ಹೆಂಗಸರು ನನ್ನನ್ನು ಜೋಡಿಸಿದರು. ಅವರ ಬೆರಳುಗಳು ತಣ್ಣಗಿದ್ದವು, ಆದರೆ ಮೆತ್ತಗಿದ್ದವು. ಅಲ್ಲಿಂದ ಹೊರಟ ನಾನು ಕಣ್ಣು ಬಿಟ್ಟದ್ದು ಕುವೈತಿನ ಮರಳುಗಾಡಿನ ಒಂದು ತೈಲ ಶಿಬಿರದಲ್ಲಿ. ನನ್ನನ್ನು ಕೊಂಡವನು ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು ಬಂದಿದ್ದ ಒಬ್ಬ ಎಂಜಿನಿಯರ್. ಅವನ ಬಳಿ ಒಂದು ಡಬ್ಬಿ ತುಂಬ ಆಟದ ಕ್ಯಾಸೆಟ್ಟುಗಳಿದ್ದವು. ಆಡುತ್ತಿದ್ದದ್ದು ಮಾತ್ರ ಒಂದನ್ನೇ.

ಆ ಆಟದ ಬಗ್ಗೆ ಹೇಳಬೇಕು, ಏಕೆಂದರೆ ಮುಂದಿನದ್ದೆಲ್ಲ ಅದರಿಂದಲೇ ಆಯಿತು. ಹಿಮ ಕಟ್ಟಿದ ಯಾವುದೋ ಉಪಗ್ರಹದ ಮೇಲೆ ಒಂದು ಬಾಹ್ಯಾಕಾಶ ನಿಲ್ದಾಣ. ಅಲ್ಲಿದ್ದವರ ಸುದ್ದಿ ನಿಂತುಹೋಗಿದೆ. ಏನಾಯಿತೆಂದು ನೋಡಲು ನೀವೊಬ್ಬರೇ ಒಳಗೆ ಹೋಗಿದ್ದೀರಿ. ಕಪ್ಪು ಪರದೆ, ಬಿಳಿ ಗೆರೆಗಳಲ್ಲಿ ಬರೆದ ಓಣಿಗಳು, ಅರ್ಧ ಊಟ ಮಾಡಿ ಬಿಟ್ಟ ತಟ್ಟೆಗಳು. ಮನುಷ್ಯರು ಎಲ್ಲೂ ಇಲ್ಲ. ಬೇರೊಂದು ಇದೆ. ಅದನ್ನು ಆಟ ಬರೆದವನು ಒಮ್ಮೆಯೂ ತೋರಿಸುವುದಿಲ್ಲ. ‘ಟಿಕ್, ಟಿಕ್’ ಎಂದು ಸದ್ದು ಮಾತ್ರ ಬರುತ್ತದೆ. ಸದ್ದು ಅದು ಹತ್ತಿರದಲ್ಲಿದೆ ಎನ್ನುತ್ತದೆಯೇ ಹೊರತು ಎಲ್ಲಿದೆ ಎನ್ನುವುದಿಲ್ಲ. ಅದನ್ನು ಹೇಳುವುದು ಪ್ರತಿ ಬಾಗಿಲ ಮೇಲಿರುವ ಒಂದು ಪುಟ್ಟ, ಬೇಕೆಂದೇ ಮಂಕಾಗಿಸಿದ ದೀಪ. ಹಸಿರಿದ್ದರೆ ಆಚೆ ಕೋಣೆ ಖಾಲಿ. ಕೆಂಪಿದ್ದರೆ ಅದು ಅಲ್ಲಿದೆ. ಕಾದರೆ ಸರಿದು ಹೋಗುತ್ತದೆ. ತೆರೆದರೆ ಆಟ ಮುಗಿಯಿತು.

ಎಂಜಿನಿಯರ್ ಇದನ್ನು ಒಬ್ಬನೇ ಆಡುತ್ತಿದ್ದ. ಆಟದ ನಡುವೆ ಎದ್ದು ತನ್ನ ಕೋಣೆಯ ಚಿಲಕ ಎಳೆದು ನೋಡುತ್ತಿದ್ದ. ಕೊನೆಗೊಂದು ದಿನ ವೈರುಗಳನ್ನೆಲ್ಲ ಸುತ್ತಿ, ನನ್ನನ್ನೂ ಆ ಕ್ಯಾಸೆಟ್ಟನ್ನೂ ಶಿಬಿರದ ಎಲೆಕ್ಟ್ರಿಷಿಯನ್ ಈರಣ್ಣನ ಕೈಗಿಟ್ಟು, ಒಬ್ಬನೇ ಇದ್ದಾಗ ಆಡಬೇಡ ಎಂದಷ್ಟೇ ಹೇಳಿದ.

ಈರಣ್ಣ ಹುಬ್ಬಳ್ಳಿಯವನು. ರಜೆಗೆ ಬರುವಾಗ ನನ್ನನ್ನು ಕಂಬಳಿಯಲ್ಲಿ ಸುತ್ತಿ ತಂದು ರೈಲ್ವೆ ಕಾಲೊನಿಯ ಅಕ್ಕನ ಮನೆಯಲ್ಲಿಟ್ಟ. ಅಕ್ಕನ ಹೆಸರು ಕಸ್ತೂರಿ. ಅವಳ ಗಂಡ ತಿರಕಪ್ಪ ರೈಲು ಎಂಜಿನ್ ಡ್ರೈವರ್. ಆಗ ಅವನು ಸಿಕ್ ಲೀವಿನಲ್ಲಿದ್ದ. ಕುತ್ತಿಗೆಯ ಗಂಟಿಗೆ ಕ್ಷಯ ತಗುಲಿತ್ತು. ಯಾರಿಗೂ ಅಂಟುವಂಥದ್ದಲ್ಲ, ಗುಣವಾಗುತ್ತದೆ, ಆದರೆ ಬಹಳ ಕಾಲ ಗುಳಿಗೆ ನುಂಗಬೇಕು ಎಂದಿದ್ದರು ಡಾಕ್ಟರು. ಜೀವನಪೂರ್ತಿ ಓಡುವ ಎಂಜಿನ್ನಿನಲ್ಲಿ ನಿಂತವನಿಗೆ ಅಲುಗದ ಮನೆಯಲ್ಲಿ ಕೂತಿರುವುದೇ ದೊಡ್ಡ ಬೇನೆಯಾಗಿತ್ತು. ಗೂಡ್ಸು ಗಾಡಿ ಕೂಗಿದರೆ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದ.

ಕಸ್ತೂರಿ ನೋಡುವ ಹೆಂಗಸು. ನನ್ನ ಇಷ್ಟು ವರ್ಷದ ಬಾಳಿನಲ್ಲಿ ಹಾಗೆ ನೋಡುವವರನ್ನು ಮತ್ತೆ ಕಂಡಿಲ್ಲ. ಗಂಡ ಎಷ್ಟು ಉಂಡ, ಎಷ್ಟು ಸಲ ಕೆಮ್ಮಿದ, ನೀರು ಕುಡಿಯುವಾಗ ಕೈ ನಡುಗಿತೇ ಎಂದು ನೋಡುತ್ತಿದ್ದಳು. ನೋಡಲಾಗದಿದ್ದಾಗ ಕೇಳುತ್ತಿದ್ದಳು. ಅಡುಗೆಮನೆಯಲ್ಲಿ ಅವಳು ರೊಟ್ಟಿ ಬಡಿಯುವ ಪಟಪಟ ಸದ್ದು ನಡುವೆ ಥಟ್ಟನೆ ನಿಂತರೆ, ಅವಳು ಏನನ್ನೋ ಆಲಿಸುತ್ತಿದ್ದಾಳೆ ಎಂದು ನನಗೆ ಗೊತ್ತಾಗುತ್ತಿತ್ತು.

ಮೊದಲ ದಿನ ಕ್ಯಾಸೆಟ್ ಕಿರುಚಿದಾಗಲೂ ಹಾಗೇ ನಿಂತಿತು. ಹಿಟ್ಟಿನ ಕೈಯಲ್ಲೇ ಹೊರಗೆ ಬಂದು, “ಏನ್ ಕೊಂದ್ರಿ ಇಲ್ಲೆ?” ಎಂದಳು.

ಭಾವನ ಬೇಸರ ಕಳೆಯಲಿಕ್ಕೆ ಎಂದ ಈರಣ್ಣ. ಇವರ ಬೇಸರ ಕಳೆದು ಓಣಿಯವರ ನಿದ್ದೆ ಕೆಟ್ಟೀತು ಎಂದು ಗೊಣಗಿ ಅವಳು ಒಳಗೆ ಹೋದಳು. ಹೋಗುವ ಮುನ್ನ ನನ್ನ ಮೇಲೆ ಧೂಳು ಬೀಳಬಾರದೆಂದು ಒಂದು ಕಸೂತಿ ವಸ್ತ್ರ ತಂದಿಟ್ಟಳು.

ಆಡುವವರು ಇಬ್ಬರಾದರು. ತಿರಕಪ್ಪ ಗುಂಡಿ ಒತ್ತುವವನು. ಮಗಳು ಇಂದುಮತಿ, ಮನೆಯವರ ಬಾಯಲ್ಲಿ ‘ಇಂದು’, ಪರದೆಯ ಇಂಗ್ಲಿಷ್ ಓದಿ ಹೇಳುವವಳು. ಏಳನೇ ಇಯತ್ತೆಯ ಹುಡುಗಿ, ಮಧ್ಯಾಹ್ನ ಶಾಲೆ ಬಿಟ್ಟು ಬಂದ ಕೂಡಲೇ ಕಿಟಕಿಗೆ ಚಾದರ ಕಟ್ಟಿ ಕತ್ತಲು ಮಾಡುತ್ತಿದ್ದಳು. ಮೊದಮೊದಲು ತಿರಕಪ್ಪ ಬಾಗಿಲು ಕಂಡಲ್ಲೆಲ್ಲ ನುಗ್ಗಿ ಆಟದಲ್ಲಿ ಸತ್ತ. ಆಮೇಲೆ ಅವನ ಹಳೆಯ ಅಭ್ಯಾಸ ಎಚ್ಚರವಾಯಿತು.

ಎಂಜಿನ್ನಿನಲ್ಲಿ ಒಂದು ಕಟ್ಟುನಿಟ್ಟು ಇದೆಯಂತೆ. ಸಿಗ್ನಲ್ ಕಂಡ ಕೂಡಲೇ ಡ್ರೈವರ್ ಅದರ ಬಣ್ಣವನ್ನು ಕೂಗಿ ಹೇಳಬೇಕು. ಪಕ್ಕದ ಅಸಿಸ್ಟಂಟ್ ತಾನೂ ತನ್ನ ಕಣ್ಣಿನಿಂದ ನೋಡಿ, ಅದನ್ನೇ ತಿರುಗಿ ಕೂಗಬೇಕು. ಇಬ್ಬರ ಮಾತು ಕೂಡಿದರೆ ಮಾತ್ರ ಗಾಡಿ ಮುಂದೆ. “ಕೇಳಿ ಹೇಳಬಾರದು, ನೋಡಿ ಹೇಳಬೇಕು,” ಎಂದು ಅವನು ಮಗಳಿಗೆ ಕಲಿಸಿದ. ಅಂದಿನಿಂದ ಆ ಹಿಮದ ನಿಲ್ದಾಣದ ಪ್ರತಿ ಬಾಗಿಲ ಮುಂದೆಯೂ ಕೈ ಎತ್ತಿ, “ಗ್ರೀನ್!” ಎಂದು ಅಪ್ಪ. “ಗ್ರೀನ್!” ಎಂದು ಮಗಳು. “ರೆಡ್.” “ರೆಡ್.” ಆಗ ಇಬ್ಬರೂ ಉಸಿರು ಹಿಡಿದು ಕಾಯುತ್ತಿದ್ದರು.

ಟಿಕ್ ಟಿಕ್ ಎನ್ನುವುದಕ್ಕೆ ತಿರಕಪ್ಪ ಗಾರ್ಡ್ ಸಾಹೇಬ ಎಂದು ಹೆಸರಿಟ್ಟ. ರೈಲಿನಲ್ಲಿ ಯಾವಾಗಲೂ ಬೆನ್ನ ಹಿಂದೆ ಇರುವವನು, ಎಂಜಿನ್ನಿಗೆ ಒಮ್ಮೆಯೂ ಮುಖ ತೋರಿಸದವನು ಗಾರ್ಡೇ ಅಲ್ಲವೇ ಎಂದು ಅವನ ವಾದ. ಮರಳುಗಾಡಿನಲ್ಲಿ ಒಬ್ಬ ಮನುಷ್ಯನಿಗೆ ಚಿಲಕ ಎಳೆಸಿದ್ದ ಭಯ, ಈ ಮನೆಯಲ್ಲಿ ಒಂದು ಹೆಸರು ಪಡೆದು, ಅರ್ಧ ನಗುವಾಯಿತು. ಅರ್ಧ ಭಯವಾಗಿಯೇ ಉಳಿಯಿತು. ಸದ್ದು ಜೋರಾದಾಗ ಇಂದು ಅಪ್ಪನ ಅಂಗಿಯ ತುದಿ ಹಿಡಿಯುವುದನ್ನು ನಾನು ಕೆಳಗಿನಿಂದ ನೋಡುತ್ತಿದ್ದೆ.

ಕಸ್ತೂರಿ ಆಟದ ಕಡೆ ಬರುತ್ತಿರಲಿಲ್ಲ. ಆದರೆ ಆ ಎರಡು ದನಿಗಳು ಅವಳ ರೊಟ್ಟಿ ಬಡಿತಕ್ಕೆ ತಾಳವಾಗಿದ್ದವು. ಮೊದಲು ದಪ್ಪ ದನಿ, ಆಮೇಲೆ ಸಣ್ಣ ದನಿ. ದಪ್ಪ ದನಿ ಗಟ್ಟಿಯಾಗುತ್ತ ಬಂದಷ್ಟೂ ಗಂಡ ಗುಣವಾಗುತ್ತಿದ್ದಾನೆಂದು ಅವಳು ಲೆಕ್ಕ ಹಾಕಿಕೊಂಡಿದ್ದಳು. ಕುತ್ತಿಗೆಯ ಗಂಟು ಕರಗಿತ್ತು ಕೂಡ.

ಒಂದು ದಿನ ರೊಟ್ಟಿಯ ಸದ್ದು ನಿಂತಿತು.

ನನಗೂ ಆಗಲೇ ತಿಳಿದದ್ದು. ಮೊದಲು ಬಂದದ್ದು ಸಣ್ಣ ದನಿ. “ರೆಡ್!” ಎಂದಳು ಇಂದು. “ರೆಡ್,” ಎಂದ ತಿರಕಪ್ಪ, ಹಿಂದಿನಿಂದ. ಮಾರನೆಯ ದಿನವೂ ಹಾಗೇ. ಮಗಳಿಗೆ ಇದು ಬಡ್ತಿಯಂತೆ ಕಂಡಿರಬೇಕು, ಖುಷಿಯಿಂದ ಕೂಗುತ್ತಿದ್ದಳು. ಆದರೆ ಅಪ್ಪ ಸ್ಟೂಲನ್ನು ಟಿವಿಯ ಹತ್ತಿರ ಎಳೆದುಕೊಳ್ಳತೊಡಗಿದ್ದ. ಬಣ್ಣದ ಗುಂಡಿ ತಿರುವುತ್ತಿದ್ದ. ಟಿವಿ ಕೆಟ್ಟಿದೆ ಎಂದು ರಿಪೇರಿಯವನನ್ನು ಕರೆಸಿದ. ಅವನು ನೋಡಿ ಟಿವಿಗೆ ಏನೂ ಆಗಿಲ್ಲ ಎಂದ. ಆಗ ತಪ್ಪು ನನ್ನ ತಲೆಗೆ ಬಂತು.

“ಈ ಡಬ್ಬಿ ಮುದುಕ ಆಗೇತಿ,” ಎಂದ ತಿರಕಪ್ಪ. “ಕೆಂಪು ಕೊಡೋದು ಬಿಟ್ಟೈತಿ.”

ನಾನು ಕೆಂಪನ್ನೇ ಕೊಡುತ್ತಿದ್ದೆ. ಮೊದಲ ದಿನ ಎಷ್ಟು ಕೊಟ್ಟಿದ್ದೆನೋ ಅಷ್ಟೇ. ಹೇಳಲು ನನಗೆ ಬಾಯಿಲ್ಲ.

ಅದೇ ವಾರ ಅವನ ಹಳೆಯ ಅಸಿಸ್ಟಂಟ್ ಹುಸೇನಸಾಬ ಮಾತಾಡಿಸಲು ಬಂದ. ಡ್ಯೂಟಿಗೆ ಹಾಜರಾಗುವ ಮುಂಚಿನ ತಪಾಸಣೆ ಹತ್ತಿರ ಬಂದಿತ್ತು. ಡ್ರೈವರುಗಳಿಗೆ ಎದೆ, ರಕ್ತ ನೋಡಿದ ಮೇಲೆ ಕಣ್ಣೂ ನೋಡುತ್ತಾರೆ. ಬಣ್ಣಬಣ್ಣದ ಚುಕ್ಕಿಗಳ ನಡುವೆ ಅಂಕಿ ಅಡಗಿಸಿದ ಪುಸ್ತಕ ಹಿಡಿದು ಓದು ಎನ್ನುತ್ತಾರೆ. ಕಣ್ಣಿನದು ಹೇಗೆ ಅಣ್ಣಾರ ಎಂದು ಹುಸೇನಸಾಬ ಸಹಜವಾಗಿ ಕೇಳಿದ.

“ಆ ಪುಸ್ತಕ ಎಷ್ಟ್ ಸಲ ನೋಡೇನಿ,” ಎಂದ ತಿರಕಪ್ಪ. ಕಣ್ಣು ಮುಚ್ಚಿ, ಮಗ್ಗಿ ಹೇಳಿದಂತೆ ಹೇಳಿದ. “ಹನ್ನೆರಡು, ಎಂಟು, ಇಪ್ಪತ್ತೊಂಬತ್ತು...” ಹುಸೇನಸಾಬ ಹೊಟ್ಟೆ ಹಿಡಿದು ನಕ್ಕ. ಚಹಾ ತಂದ ಕಸ್ತೂರಿಯೂ ನಕ್ಕಳು. ನಗು ಮುಗಿಯುವ ಮೊದಲೇ ಅವಳ ಮುಖ ಬೇರೆಯಾಯಿತು. ಚಹಾದ ಬಸಿ ಇಡುವಾಗ ಗಂಡನ ಕಣ್ಣನ್ನೇ ನೋಡಿದಳು. ಅವನು ಅವಳ ಕಡೆ ನೋಡಲಿಲ್ಲ.

ಮರುದಿನ ಅಡುಗೆಮನೆಯಲ್ಲಿ ತಾಯಿ ಮಗಳ ಪಿಸುಮಾತು ನಡೆಯಿತು. ಬಾಗಿಲ ದೀಪ ಕೆಂಪಿದ್ದಾಗ ಒಮ್ಮೆ ಹಸಿರು ಎಂದು ಕೂಗು ಎಂದು ತಾಯಿ ಕೇಳಿಕೊಂಡಳು. ಏಕೆಂದು ಹೇಳಲಿಲ್ಲ. ಇಂದು ಸುತರಾಂ ಒಪ್ಪಲಿಲ್ಲ. ಅಸಿಸ್ಟಂಟ್ ಸುಳ್ಳು ಕೂಗಬಾರದು, ಕೂಗಿದರೆ ಅವನನ್ನು ಎಂಜಿನ್ನಿನಿಂದ ಇಳಿಸುತ್ತಾರೆ, ಅಪ್ಪನೇ ಹೇಳಿದ್ದಾನೆ ಎಂದಳು. “ನೀ ಹೇಳೂದು ಖರೆ,” ಎಂದಳು ಕಸ್ತೂರಿ. ಆಮೇಲೆ ಕೈ ತೊಳೆದುಕೊಂಡು ಹೊರಗೆ ಬಂದು, ಮೊದಲ ಸಲ ನನ್ನ ಮುಂದೆ, ಮಗಳ ಜಾಗದಲ್ಲಿ ಕೂತಳು.

“ಇವತ್ತ ನಾ ಅಸಿಸ್ಟಂಟ,” ಎಂದಳು.

ತಿರಕಪ್ಪನಿಗೆ ಆಶ್ಚರ್ಯವೂ ಸಂತೋಷವೂ ಆಯಿತು. ಹೆಂಡತಿಗೆ ಓಣಿ ತೋರಿಸಿದ, ತಟ್ಟೆಗಳನ್ನು ತೋರಿಸಿದ, ಇದು ಸ್ಟೇಷನ್ ಮಾಸ್ಟರ್ ಇಲ್ಲದ ಸ್ಟೇಷನ್ನು ಎಂದು ನಗಿಸಲು ನೋಡಿದ. ಅವಳು ನಗಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ದೀಪಗಳನ್ನೇ ನೋಡುತ್ತಿದ್ದಳು. ಮೊದಲ ಬಾಗಿಲಿಗೆ “ಗ್ರೀನ್” ಎಂದಳು, ಅದು ಹಸಿರೇ. ಅವನೂ ಗ್ರೀನ್ ಎಂದ. ಹಾಗೇ ಒಂದೆರಡು ಬಾಗಿಲು ದಾಟಿದರು. ಆಮೇಲೆ ಟಿಕ್ ಟಿಕ್ ಶುರುವಾಯಿತು. ಉದ್ದ ಓಣಿಯ ಕೊನೆಯ ಬಾಗಿಲ ಮೇಲೆ ನಾನು ದೀಪ ಹಚ್ಚಿದೆ. ಕೆಂಪು.

ಕಸ್ತೂರಿ ಆ ದೀಪವನ್ನು ಬಹಳ ಹೊತ್ತು ನೋಡಿದಳು. ನಾನು ಯಾವ ಆಟದಲ್ಲೂ ಯಾರಿಗೂ ಕೊಡದಷ್ಟು ಭಯ ಅವಳ ಮುಖದಲ್ಲಿತ್ತು. ಅವನು ತನ್ನನ್ನು ತಿದ್ದಲಿ, ಏ ಕುರುಡಿ ಅದು ರೆಡ್ ಐತಿ ಎಂದು ಬೈಯಲಿ ಎಂದು ಅವಳು ಬೇಡಿಕೊಳ್ಳುತ್ತಿದ್ದಳೆಂದು ನನಗೆ ಈಗಲೂ ಅನ್ನಿಸುತ್ತದೆ.

“ಗ್ರೀನ್,” ಎಂದಳು.

“ಗ್ರೀನ್,” ಎಂದ ತಿರಕಪ್ಪ, ಮತ್ತು ಬಾಗಿಲು ತೆರೆದ.

ಸದ್ದು ಒಮ್ಮೆಲೇ ನುಗ್ಗಿ ಬಂತು. ಪರದೆ ಕಪ್ಪಾಯಿತು. ಆಟ ಮುಗಿಯಿತೆಂಬ ಬಿಳಿ ಅಕ್ಷರಗಳು ಮೂಡಿದವು. ಕಿಟಕಿಯ ಚಾದರದ ಸಂದಿಯಿಂದ ಬಿಸಿಲಿನ ಒಂದು ಗೆರೆ ಇಬ್ಬರ ನಡುವೆ ಬಿದ್ದಿತ್ತು.

“ನೀ ತಪ್ಪ ಕೂಗಿದಿ,” ಎಂದ ತಿರಕಪ್ಪ.

“ನೀವೂ ಕೂಗಿದ್ರಿ,” ಎಂದಳು ಕಸ್ತೂರಿ.

ಅವನು ನನ್ನ ಗುಂಡಿಗಳ ಮೇಲಿಂದ ಕೈ ತೆಗೆಯಲಿಲ್ಲ. ಬೆರಳುಗಳು ತಣ್ಣಗಾದವು, ನನ್ನನ್ನು ಜೋಡಿಸಿದವರ ಬೆರಳಿನಂತೆ. ಯಾವಾಗಿನಿಂದ ಹೀಗೆ ಎಂದು ಅವಳು ಕೇಳಿದಳು.

“ನಿನ್ನ ಹಣಿ ಮ್ಯಾಲಿನ ಕುಂಕುಮ ಮಣ್ಣಿನ ಬಣ್ಣ ಕಾಣಾಕ ಹತ್ತಿದಾಗಿಂದ,” ಎಂದ ಅವನು.

ಮಿಕ್ಕದ್ದೆಲ್ಲ ತುಂಡುತುಂಡಾಗಿ ಹೊರಗೆ ಬಂತು. ಗುಳಿಗೆ ಕೊಡುವಾಗಲೇ ಡಾಕ್ಟರು ಹೇಳಿದ್ದರಂತೆ, ಇವುಗಳಲ್ಲಿ ಒಂದು ಕೆಲವರ ಕಣ್ಣಿಗೆ ಆಗಿಬರುವುದಿಲ್ಲ, ಬಣ್ಣ ಮಾಸಿದಂತೆ ಕಂಡರೆ ಆ ದಿನವೇ ಬಾ ಎಂದು. ಅವನು ಹೋಗಲಿಲ್ಲ. ಮನೆಯಲ್ಲಿ ಹೇಳಲೂ ಇಲ್ಲ. ಕಣ್ಣು ಹೋಯಿತೆಂದು ಒಮ್ಮೆ ಬರೆದರೆ ಮತ್ತೆ ಎಂಜಿನ್ ಹತ್ತಿಸುವುದಿಲ್ಲ, ಶೆಡ್ಡಿನ ಮೂಲೆಯಲ್ಲಿ ಎಣ್ಣೆ ಬಟ್ಟೆ ಹಂಚಲು ಕೂರಿಸುತ್ತಾರೆ ಎಂಬ ಅಂಜಿಕೆ. ಪುಸ್ತಕದ ಅಂಕಿ ಬಾಯಿಪಾಠವಿದೆ, ಪಕ್ಕದಲ್ಲಿ ಹುಸೇನಸಾಬ ಇರುತ್ತಾನೆ, ಅವನು ಕೂಗಿದ್ದನ್ನು ತಾನು ಕೂಗಿದರಾಯಿತು, ಅಷ್ಟರಲ್ಲಿ ಕಣ್ಣು ತಾನೇ ಸರಿಯಾದೀತು ಎಂದುಕೊಂಡಿದ್ದ. ಕಸ್ತೂರಿ ಬೈಯಲಿಲ್ಲ, ಅಳಲಿಲ್ಲ. ಕಪ್ಪು ಪರದೆಯ ಕಡೆ ಕೈ ಮಾಡಿ ಒಂದೇ ಮಾತು ಹೇಳಿದಳು.

“ಇಲ್ಲೆ ಮತ್ತ ಟೇಪ ಹಚ್ಚಬಹುದು.”

ತಿರಕಪ್ಪ ಎದ್ದು ಚಪ್ಪಲಿ ಮೆಟ್ಟಿದ. ನನ್ನನ್ನು ಆರಿಸುವುದನ್ನೂ ಮರೆತು ಇಬ್ಬರೂ ಆಸ್ಪತ್ರೆಗೆ ಹೋದರು. ಇಂದುಮತಿ ಬಂದು ಕಿಟಕಿಯ ಚಾದರ ಬಿಚ್ಚಿದಳು. ಆ ಸಂಜೆ ಅವಳು ನನ್ನ ಪಕ್ಕದಲ್ಲಿ ಏನನ್ನೂ ಒತ್ತದೆ ಕೂತಿದ್ದಳು. ಕಾಯುವುದು ಎಂದರೇನೆಂದು ಆಟದಲ್ಲಿ ಕಲಿತಿದ್ದಳು, ಆದರೆ ಇಲ್ಲಿ ಬಾಗಿಲ ಮೇಲೆ ದೀಪ ಇರಲಿಲ್ಲ.

ಅವರು ಮರಳಿದಾಗ ಮೊದಲು ಕೇಳಿಸಿದ್ದು ಕಸ್ತೂರಿಯ ದನಿ. ನೆರೆಮನೆಯವಳಿಗೆ ಹೊರಗಿನಿಂದಲೇ ಹೇಳುತ್ತಿದ್ದಳು. ಆ ಒಂದು ಗುಳಿಗೆ ನಿಲ್ಲಿಸಿದ್ದಾರೆ. ಇನ್ನೂ ತಡ ಮಾಡಿದ್ದರೆ ಹೇಳಲಾಗುತ್ತಿರಲಿಲ್ಲ, ಈಗ ಬಂದದ್ದು ಒಳ್ಳೆಯದಾಯಿತು, ಹೆಚ್ಚಿನವರಿಗೆ ಕಣ್ಣು ತಿರುಗಿ ಬರುತ್ತದೆ ಎಂದಿದ್ದಾರೆ. ಅಲ್ಲಿಯವರೆಗೆ ಡ್ಯೂಟಿ ಬೇಡ. ಹೆಚ್ಚಿನವರಿಗೆ ಎಂಬ ಮಾತನ್ನು ಅವಳು ಎರಡು ಸಲ ಹೇಳಿದಳು. ಎಲ್ಲರಿಗೂ ಎಂದಿರಲಿಲ್ಲ ಎಂಬುದು ಅವಳ ಗಮನದಲ್ಲಿತ್ತು.

ಆಮೇಲಿನ ಮಧ್ಯಾಹ್ನಗಳು ನನ್ನ ಬಾಳಿನ ಅತ್ಯಂತ ನಿಧಾನದ ಮಧ್ಯಾಹ್ನಗಳು. ತಿರಕಪ್ಪ ಮತ್ತೆ ಮೊದಲು ಕೂಗತೊಡಗಿದ. ತಿಳಿದರೆ ಬಣ್ಣ ಕೂಗುತ್ತಿದ್ದ, ತಿಳಿಯದಿದ್ದರೆ “ಗೊತ್ತಾಗವಲ್ದು” ಎಂದು ಅಷ್ಟೇ ಗಟ್ಟಿಯಾಗಿ ಕೂಗುತ್ತಿದ್ದ. ಸಿಗ್ನಲ್ ಸರಿಯಾಗಿ ಕಾಣದಿದ್ದರೆ ಅದನ್ನು ಕೆಂಪೆಂದೇ ತಿಳಿದು ನಿಲ್ಲಬೇಕು, ಇದೂ ರೈಲಿನದೇ ಕಟ್ಟಳೆ. ಹಾಗೆ ಬಾಗಿಲು ಬಾಗಿಲಿಗೂ ನಿಂತು, ಇಂದುಮತಿ ತನಗೆ ಕಂಡ ಬಣ್ಣ ಹೇಳದೆ ತುಟಿ ಕಚ್ಚಿಕೊಂಡು ಕೂತು, ಗಾರ್ಡ್ ಸಾಹೇಬ ಬಂದು ಹೋಗುವ ಸದ್ದು ಕೇಳುತ್ತ, ಅವರು ಹಿಂದೆಂದೂ ಹೋಗದಷ್ಟು ಒಳಗೆ ಹೋದರು. ಅವಸರದವರಿಗೆ ಕಾಣದ ಕೋಣೆಗಳು ಅಲ್ಲಿದ್ದವು. ಕರೆಂಟು ಹೋದರೆ ಎಲ್ಲ ಅಳಿಸಿಹೋಗುತ್ತಿತ್ತು. ಮತ್ತೆ ಕ್ಯಾಸೆಟ್ ಕಿರುಚುತ್ತಿತ್ತು. ಈಗ ಕಸ್ತೂರಿ ಅದಕ್ಕೆ ಗೊಣಗುತ್ತಿರಲಿಲ್ಲ.

ಹಬ್ಬಕ್ಕೆ ಮನೆ ಸಾರಿಸುವ ದಿನಗಳವು. ಶೇಂಗಾ ಹೋಳಿಗೆಯ ವಾಸನೆ ನನ್ನ ರಬ್ಬರಿನವರೆಗೂ ಬಂದಿತ್ತು. ಅಡುಗೆಮನೆಯಲ್ಲಿ ರೊಟ್ಟಿಯ ಸದ್ದು ನಡೆದಿತ್ತು. ನಾನು ಒಂದು ಬಾಗಿಲ ಮೇಲೆ ದೀಪ ಹಚ್ಚಿದೆ. ತಿರಕಪ್ಪ ಸ್ಟೂಲನ್ನು ಹಿಂದೆ, ಇನ್ನೂ ಹಿಂದೆ, ಗೋಡೆಯವರೆಗೂ ಸರಿಸಿದ. ಅಲ್ಲಿಂದ ನೋಡಿದ.

“ರೆಡ್,” ಎಂದ, ಮೆಲ್ಲಗೆ. ಆಮೇಲೆ ಕೈ ಎತ್ತಿ, ಎಂಜಿನ್ನಿನ ಗದ್ದಲದ ಮೇಲೆ ಕೂಗುವ ದನಿಯಲ್ಲಿ, “ರೆಡ್!”

ಇಂದುವಿನ ದನಿ ಅಳುವಿನಲ್ಲಿ ಒಡೆದು ಬಂತು. “ರೆಡ್, ಅಪ್ಪಾ.”

ರೊಟ್ಟಿಯ ಸದ್ದು ನಿಂತಿತು. ನಾನು ಎಣಿಸಲಿಲ್ಲ, ಆದರೆ ಬಹಳ ಹೊತ್ತು ನಿಂತಿತ್ತು. ಮತ್ತೆ ಶುರುವಾದಾಗ ಅಷ್ಟು ಜೋರಾಗಿತ್ತೆಂದರೆ, ಹಂಚಿನ ಮೇಲೆ ಹೋಗುವ ಮೊದಲೇ ಆ ರೊಟ್ಟಿ ಹರಿದಿರಬೇಕು.

ತಪಾಸಣೆಗೆ ಹೋದ ತಿರಕಪ್ಪ, ನಡೆದದ್ದನ್ನೆಲ್ಲ ಮೊದಲೇ ಡಾಕ್ಟರಿಗೆ ತಾನೇ ಹೇಳಿ, ಪುಸ್ತಕವನ್ನು ಹಿಂದಿನಿಂದ ಮುಂದಕ್ಕೆ ತೆರೆಯಿರಿ ಎಂದು ಕೇಳಿಕೊಂಡನಂತೆ. ಬಾಯಿಪಾಠ ಅಡ್ಡ ಬರಬಾರದೆಂದು. ಹುಸೇನಸಾಬ ಇದನ್ನು ಹೇಳಿ ಹೇಳಿ ನಗುತ್ತಿದ್ದ. ಅಂತೂ ತಿರಕಪ್ಪ ಎಂಜಿನ್ ಹತ್ತಿದ. ನಾನು ಕಸೂತಿ ವಸ್ತ್ರದೊಳಗೆ ಸುತ್ತಿಸಿಕೊಂಡು ಅಟ್ಟ ಹತ್ತಿದೆ. ನನಗೆ ಅದರಿಂದ ಬೇಸರವಾಗಲಿಲ್ಲ. ಗೂಡ್ಸು ಗಾಡಿ ಕೂಗಿದಾಗ ಬಾಗಿಲಿಗೆ ಓಡುವ ಹೆಜ್ಜೆಯ ಸದ್ದು ಈಗ ಕೇಳಿಸುತ್ತಿರಲಿಲ್ಲ. ಕೂಗುವ ಗಾಡಿಯಲ್ಲೇ ಅವನಿರುತ್ತಿದ್ದ.

ಅಟ್ಟದಲ್ಲಿ ಬಹಳ ವರ್ಷ ಕಳೆದವು. ಮನೆ ಬದಲಾಯಿತು, ಕಾಲೊನಿ ಬಿಟ್ಟು ಧಾರವಾಡಕ್ಕೆ ಬಂದೆವು. ಇಲಿಯೊಂದು ನನ್ನ ವೈರು ಕಡಿಯಿತು. ಇಂದುಮತಿ ಗಣಿತದ ಟೀಚರಾದಳು. ಇತ್ತೀಚೆಗೆ ಅವಳ ಶಾಲೆಯ ಸಮೀನಾ ಮೇಡಂ ಎಂಬುವರು, ನನ್ನಂಥ ಹಳೆಯ ಯಂತ್ರಗಳನ್ನು ಬಿಚ್ಚಿ ಜೋಡಿಸುವ ಹುಚ್ಚಿನವರು, ನನ್ನನ್ನು ಒಯ್ದು ಹೊಸ ವೈರು ಹಾಕಿ, ಟೇಪ್ ರೆಕಾರ್ಡರಿಗೆ ಹೊಸ ಬೆಲ್ಟು ಹಾಕಿ ತಂದರು. ಗೋಡೆಗೆ ನೇತುಹಾಕಿದ ದೊಡ್ಡ ಟಿವಿಗೆ ನನ್ನನ್ನು ಹೇಗೋ ಹೊಂದಿಸಿದರು. ಕ್ಯಾಸೆಟ್ ಕಿರುಚಿತು. ಹಿಮದ ನಿಲ್ದಾಣ ಮೂಡಿತು. ಎಷ್ಟು ಭಯವಾಗುತ್ತದಲ್ಲ ಎಂದರು ಸಮೀನಾ ಮೇಡಂ.

ತಿರಕಪ್ಪ ಕುರ್ಚಿಯಲ್ಲಿ ಕೂತಿದ್ದ. ತಲೆ ಪೂರ್ತಿ ಬೆಳ್ಳಗಾಗಿತ್ತು. ನಿವೃತ್ತಿಯ ದಿನದವರೆಗೂ ಅವನು ಒಂದು ಕೆಂಪು ಸಿಗ್ನಲನ್ನೂ ದಾಟಿರಲಿಲ್ಲ. ಅವನ ಬೆರಳು ನನ್ನ ಗುಂಡಿಗಳನ್ನು ಹುಡುಕಿ ಹಿಡಿಯಿತು. ಓಣಿ ದಾಟಿತು. ಟಿಕ್ ಟಿಕ್ ಬಂತು. ನಾನು ದೀಪ ಹಚ್ಚಿದೆ.

“ರೆಡ್,” ಎಂದ ಅವನು. ಬೆರಳು ನಿಂತಿತು.

ತಿರುಗಿ ಕೂಗುವ ಸರದಿ ಇಂದುವಿನದು. ಅವಳು ಅಡುಗೆಮನೆಯ ಕಡೆ ನೋಡುತ್ತಿದ್ದಳು. ಅಲ್ಲಿಂದ ಕಸ್ತೂರಿ, ಮೊಣಕಾಲು ಹಿಡಿದುಕೊಂಡು, ಸೆರಗಿಗೆ ಕೈ ಒರೆಸುತ್ತ, ನಿಧಾನವಾಗಿ ಹೊರಗೆ ಬಂದಳು. ಅಲ್ಲಿಂದಲೇ ಹೇಳಬಹುದಿತ್ತು. ಹೇಳಲಿಲ್ಲ. ಟಿವಿಯ ಮುಂದೆ ಬಂದು, ಕನ್ನಡಕ ಸರಿಪಡಿಸಿಕೊಂಡು, ಬಾಗಿಲ ಮೇಲಿನ ದೀಪವನ್ನು ನೋಡಿದಳು. ಆಮೇಲೆ ಗಂಡನನ್ನು ನೋಡಿದಳು.

“ರೆಡ್,” ಎಂದಳು.

ಈಗ ನಾನು ಅವರ ಪಡಸಾಲೆಯ ಕಪಾಟಿನಲ್ಲಿದ್ದೇನೆ, ಅದೇ ಕಸೂತಿ ವಸ್ತ್ರದ ಮೇಲೆ. ಜನರನ್ನು ಹೆದರಿಸಲೆಂದು ಒಂದು ಆಟ ನನ್ನೊಳಗೆ ಬಂದಿತ್ತು. ಹೆದರಿಸಿದ್ದೂ ಹೌದು. ಅದನ್ನು ಒಬ್ಬನೇ ಆಡಿದವನು ನನ್ನನ್ನು ಕೊಟ್ಟುಬಿಟ್ಟ. ಪಕ್ಕದಲ್ಲಿ ಇನ್ನೊಂದು ಕಣ್ಣು ಇಟ್ಟುಕೊಂಡವರು ನನ್ನನ್ನು ಇಟ್ಟುಕೊಂಡರು. ಕರೆಂಟು ಹೋದರೆ ಆ ಆಟವನ್ನು ನಾನು ಮರೆಯುತ್ತೇನೆ. ಅವರಿಗೆ ನೆನಪಿದೆ, ಅಷ್ಟು ಸಾಕು.